ಶಾಸನಗಳ ಛಾಯಾಗ್ರಹಣದಲ್ಲಿ ಸೂರ್ಯನ ಬೆಳಕು: ಹುಲಿಕುಂಟೆ ಹೋಬಳಿಯ ಒಂದು ಅನುಭವದ ಹಿನ್ನೆಲೆಯಲ್ಲಿ

ಕರ್ಣಾಟಕದ ಇತಿಹಾಸಕ್ಕೆ ಶಾಸನಗಳೇ ಪ್ರಧಾನವಾದ ಆಧಾರಗಳೆಂಬುದನ್ನು ಇಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. 1886ರಲ್ಲಿ ಮೊದಲ ಸಂಪುಟವನ್ನು ಹೊರತಂದ ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟದಲ್ಲಿ, ಎಂದರೆ 1904ರಲ್ಲಿ, ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳ ಶಾಸನಗಳನ್ನು ಕುರಿತು ಬರೆಯುವವರೆಲ್ಲರೂ ಇಂದಿಗೂ ಆ ಸಂಪುಟದಿಂದಲೇ ಹೊರಡುತ್ತಾರೆ. ಆದರೆ ಕಲ್ಲಿನಿಂದ ಪುಸ್ತಕಕ್ಕೆ ಬರುವ ದಾರಿಯಲ್ಲಿ ಪಾಠವು ಒಂದು ಪಡಿಯಚ್ಚನ್ನೋ ಒಂದು ಛಾಯಾಚಿತ್ರವನ್ನೋ ಹಾದು ಬರುತ್ತದೆ. ಪಡಿಯಚ್ಚನ್ನು ತೆಗೆದವರ ಕೈಚಳಕವನ್ನು ನಾವು ಆಗಾಗ್ಗೆ ವಿಚಾರಿಸುತ್ತೇವೆ. ಛಾಯಾಚಿತ್ರವನ್ನು ಯಾವ ತಿಂಗಳು, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿನ ಬೆಳಕಿನಲ್ಲಿ ತೆಗೆದರೆಂದು ವಿಚಾರಿಸುವವರು ವಿರಳ. ಈ ಪ್ರಶ್ನೆ ಅಲ್ಪವಾದುದೆಂದು ಒಂದು ಕಾಲಕ್ಕೆ ನಾವೂ ಭಾವಿಸಿದ್ದೆವು.

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಿನಲ್ಲಿ, ವಿದ್ಯಾರ್ಥಿಗಳೊಡನೆ ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಲ್ಲಿ ಕ್ಷೇತ್ರಕಾರ್ಯ ಕೈಕೊಂಡಿದ್ದೆವು. ಒಂದು ಸಣ್ಣ ಕೆರೆಯ ಏರಿಯ ಬಳಿ ಮೂರು ಪಟ್ಟಿಕೆಗಳ ವೀರಗಲ್ಲೊಂದು ಉತ್ತರಾಭಿಮುಖವಾಗಿ ನಿಂತಿತ್ತು. ಕೆಳಗೆ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಪಟ್ಟಿಕೆಗಳ ನಡುವಣ ಅಂಚುಗಳಲ್ಲಿ ಸವೆದ ಅಕ್ಷರಗಳ ನಾಲ್ಕು ಸಾಲುಗಳು. ನಾವು ಅಲ್ಲಿಗೆ ಮುಟ್ಟಿದಾಗ ನಡುಹಗಲು. ಬಿಸಿಲು ಚೆನ್ನಾಗಿದ್ದುದರಿಂದ ಚಿತ್ರಗಳೂ ಚೆನ್ನಾಗಿ ಬರುವುವೆಂದು ನಂಬಿ ಹತ್ತಾರು ಚಿತ್ರಗಳನ್ನು ತೆಗೆದೆವು. ಪಡಿಯಚ್ಚಿಗೆ ಬೇಕಾದ ಕಾಗದ ಅಷ್ಟು ಹೊತ್ತಿಗೆ ಮುಗಿದುಹೋಗಿತ್ತು. ಬಳಿಯಲ್ಲಿ ಕುರಿ ಮೇಯಿಸುತ್ತಿದ್ದ ವೃದ್ಧರೊಬ್ಬರು ನಮ್ಮ ಸಂಭ್ರಮವನ್ನು ಸ್ವಲ್ಪ ಹೊತ್ತು ನೋಡಿ, “ಬೇಸಿಗೇಲಿ ಹೊತ್ತುಟ್ಟೋ ಹೊತ್ಗೆ ಬನ್ನಿ ಸಾಮಿ, ಅಕ್ಸರ ಎದ್ದು ಕಾಣ್ತವೆ. ಈಗ ಕಲ್ಲು ಮಲಗೈತೆ” ಎಂದರು. ಆ ಮಾತನ್ನು ನಾವು ನಗುತ್ತ ಕೇಳಿ ಮುಂದಿನ ಊರಿಗೆ ಹೊರಟೆವು. ಮನೆಗೆ ಬಂದು ಚಿತ್ರಗಳನ್ನು ಪರಿಶೀಲಿಸಿದಾಗ ಎರಡು ಸಾಲುಗಳು ಮಾತ್ರ ಅಲ್ಲಲ್ಲಿ ಓದಲು ಬಂದುವು. ಉಳಿದ ಭಾಗ ಒಂದೇ ಬೂದುಬಣ್ಣ. ಮುಂದಿನ ಮೇ ತಿಂಗಳಿನಲ್ಲಿ ಮರಳಿ ಹೋದೆವು. ಆ ವೇಳೆಗೆ ಏರಿಯ ದುರಸ್ತಿ ನಡೆದು, ಕಲ್ಲು ಏರಿಯ ಕಲ್ಲುಕಟ್ಟಣೆಯೊಳಗೆ ಸೇರಿಹೋಗಿತ್ತು. ಅದರ ಮುಖ ಯಾವ ಕಡೆಗಿದೆಯೆಂಬುದನ್ನು ಕೂಡ ಯಾರೂ ಹೇಳಲಾರದವರಾಗಿದ್ದರು.

ಕುರುಬ ವೃದ್ಧರ ಮಾತು ಅಕ್ಷರಶಃ ಸತ್ಯವಾದುದೆಂಬುದು ನಮಗೆ ಲೆಕ್ಕ ಹಾಕಿದ ಮೇಲೆ ತಿಳಿಯಿತು. ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ತನ್ನದೇ ಆದ ಬಣ್ಣವಿಲ್ಲ. ಅದು ಕಾಣುವುದು ನೆರಳಿನಿಂದ. ಬೆಳಕು ಕಲ್ಲಿನ ಮುಖಕ್ಕೆ ನೇರವಾಗಿ ಎದುರಿನಿಂದ ಬಿದ್ದರೆ ಅಕ್ಷರದ ತಳಕ್ಕೂ ಅಂಚಿಗೂ ಒಂದೇ ಪ್ರಮಾಣದ ಬೆಳಕು ಸಿಕ್ಕುತ್ತದೆ. ಬೆಳಕು ಎಷ್ಟು ಪ್ರಖರವಾದರೂ ಪ್ರಯೋಜನವಿಲ್ಲ. ಕಲ್ಲಿನ ಮೈಯನ್ನು ಸವರಿಕೊಂಡು ಓರೆಯಾಗಿ ಬಿದ್ದರೆ ತಗ್ಗಿನಲ್ಲೆಲ್ಲ ನೆರಳು ತುಂಬುತ್ತದೆ. ಎರಡು ಮಿಲಿಮೀಟರ್ ಆಳ, ನಾಲ್ಕು ಮಿಲಿಮೀಟರ್ ಅಗಲದ ಒಂದು ಗೆರೆಯನ್ನು ಭಾವಿಸಿಕೊಳ್ಳೋಣ. ಅಡ್ಡಲಾಗಿ ಬರುವ ಬೆಳಕು ಕಲ್ಲಿನ ಮುಖದೊಡನೆ 45 ಡಿಗ್ರಿ ಕೋನ ಮಾಡಿದರೆ ಗೆರೆಯ ಅರ್ಧ ಮಾತ್ರ ಕಪ್ಪಾಗುತ್ತದೆ. 15 ಡಿಗ್ರಿಗೆ ಇಳಿದರೆ ಎರಡು ಮಿಲಿಮೀಟರ್ ಅಂಚಿನ ನೆರಳು ಏಳು ಮಿಲಿಮೀಟರಿಗೂ ಮಿಕ್ಕಿ ಚಾಚುವುದರಿಂದ ಗೆರೆ ಪೂರ್ಣವಾಗಿ ತುಂಬಿ, ಮಸಿಯಿಂದ ಬರೆದಂತೆ ಕಾಣುತ್ತದೆ. ಮೋಡ ಮುಚ್ಚಿದ ದಿನ ಬೆಳಕು ಎಲ್ಲ ಕಡೆಯಿಂದಲೂ ಬರುವುದರಿಂದ ಶಿಲ್ಪದ ಮುಖಭಾವಕ್ಕೆ ಅದು ಅನುಕೂಲವಾಗಬಹುದು, ಅಕ್ಷರಕ್ಕಲ್ಲ.

ಇನ್ನು ಸೂರ್ಯನ ಗತಿ. ಶಿರಾ ಪಟ್ಟಣವು ಸುಮಾರು 13 ಡಿಗ್ರಿ 45 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ. ಆದಕಾರಣ ವರ್ಷದಲ್ಲಿ ಎರಡು ಸಲ, ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ, ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆ ಎರಡು ದಿನಗಳ ನಡುವಣ ಅವಧಿಯಲ್ಲಿ ಅವನು ನೆತ್ತಿಗೆ ಉತ್ತರದಲ್ಲಿ ಸಾಗುತ್ತಾನೆ. ಉಳಿದ ಕಾಲವೆಲ್ಲ ದಕ್ಷಿಣದಲ್ಲಿ. ಸೆಪ್ಟೆಂಬರ್ ವಿಷುವದಿಂದ ಮಾರ್ಚ್ ವಿಷುವದವರೆಗೆ ಉದಯಾಸ್ತಗಳೂ ದಕ್ಷಿಣಕ್ಕೆ ಸರಿಯುವುದರಿಂದ, ನೆಟ್ಟಗೆ ನಿಂತ ಉತ್ತರಾಭಿಮುಖವಾದ ಕಲ್ಲಿಗೆ ಆ ಆರು ತಿಂಗಳು ಒಂದು ಕಿರಣವೂ ನೇರವಾಗಿ ಬೀಳುವುದಿಲ್ಲ. ನಮ್ಮ ವೀರಗಲ್ಲು ಡಿಸೆಂಬರಿನಲ್ಲಿ ‘ಮಲಗಿದ್ದುದು’ ಈ ಕಾರಣದಿಂದ. ಮೇ ತಿಂಗಳಿನಲ್ಲಾದರೋ ಸ್ಥಿತಿ ತಲೆಕೆಳಗಾಗುತ್ತದೆ. ಮುಂಜಾನೆ ಬಿಸಿಲು ಅದೇ ಕಲ್ಲಿನ ಮುಖವನ್ನು ಎಡಗಡೆಯಿಂದ ಸುಮಾರು 20 ಡಿಗ್ರಿ ಕೋನದಲ್ಲಿ ಸವರುತ್ತದೆ. ನಡುಹಗಲಿಗೆ ಮೇಲಿನಿಂದ ಐದಾರು ಡಿಗ್ರಿಯಲ್ಲಿ ಇಳಿಯುತ್ತದೆ. ಸಂಜೆ ಬಲಗಡೆಯಿಂದ ಬರುತ್ತದೆ. ಒಂದೇ ದಿನದಲ್ಲಿ ಮೂರು ದಿಕ್ಕಿನ ಓರೆಬೆಳಕು! ಉತ್ತರಮುಖದ ಶಾಸನಗಳಿಗೆ ಬೇಸಿಗೆಯೊಂದೇ ಕಾಲ. ಆದರೆ ಅದು ಸಂಪನ್ನವಾದ ಕಾಲ. ಕಾಲೇಜುಗಳ ಕ್ಷೇತ್ರಕಾರ್ಯವೆಲ್ಲ ಡಿಸೆಂಬರ್ ಜನವರಿಗಳಲ್ಲಿಯೇ ನಡೆಯುವುದನ್ನು ನೆನೆದರೆ, ನಾವು ಎಷ್ಟು ಉತ್ತರಮುಖದ ಕಲ್ಲುಗಳನ್ನು ಕಂಡೂ ಕಾಣದೆ ಬಂದಿರುವೆವೋ ಹೇಳಲಾಗದು.

ಪೂರ್ವಾಭಿಮುಖವಾದ ಕಲ್ಲುಗಳ ವಿಷಯದಲ್ಲಿ ಸಾಮಾನ್ಯ ನಂಬಿಕೆಯು ಇನ್ನೂ ಹೆಚ್ಚಾಗಿ ದಾರಿ ತಪ್ಪಿಸುತ್ತದೆ. ಬೆಳಗಿನ ಎಳೆಬಿಸಿಲೇ ಛಾಯಾಗ್ರಹಣಕ್ಕೆ ಶ್ರೇಷ್ಠವೆಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಊರುಗಳ ನೋಟಕ್ಕೆ, ಮನುಷ್ಯರ ಮುಖಕ್ಕೆ ಅದು ನಿಜವಿರಬಹುದು. ಆದರೆ ಪೂರ್ವಕ್ಕೆ ಮುಖ ಮಾಡಿದ ಶಾಸನಕ್ಕೆ ಉದಯಕಾಲದ ಬಿಸಿಲು ಹೆಚ್ಚುಕಡಮೆ ಎದುರಿನಿಂದ ಬೀಳುವುದರಿಂದ ಅಕ್ಷರಗಳನ್ನು ಅಳಿಸಿಬಿಡುತ್ತದೆ. ಅಂಥ ಕಲ್ಲಿಗೆ ಸೌರಮಧ್ಯಾಹ್ನಕ್ಕೆ ಒಂದು ಗಂಟೆ ಮೊದಲು ಬಿಸಿಲು ಸುಮಾರು 15 ಡಿಗ್ರಿ ಓರೆಯಲ್ಲಿ ಮೇಲಿನಿಂದ ಬರುತ್ತದೆ. ಇದು ವರ್ಷದ ಎಲ್ಲ ಕಾಲಕ್ಕೂ ಬಹುಮಟ್ಟಿಗೆ ಸಮಾನ. ಇಲ್ಲಿ ಗಡಿಯಾರವನ್ನು ನಂಬುವಂತಿಲ್ಲವೆಂಬುದನ್ನೂ ಹೇಳಬೇಕು. ಭಾರತದ ಪ್ರಮಾಣ ಕಾಲವು 82½ ಡಿಗ್ರಿ ರೇಖಾಂಶವನ್ನು ಅನುಸರಿಸುವುದರಿಂದ, ಸುಮಾರು 77 ಡಿಗ್ರಿಯಲ್ಲಿರುವ ಶಿರಾದಲ್ಲಿ ಸೂರ್ಯನ ಮಧ್ಯಾಹ್ನವು ಸರಾಸರಿಯಲ್ಲಿ ಗಡಿಯಾರದ 12 ಗಂಟೆ 20 ನಿಮಿಷದ ಸುಮಾರಿಗೆ ಆಗುತ್ತದೆ. ಆದುದರಿಂದ ಪೂರ್ವಮುಖದ ಶಾಸನವನ್ನು ಹನ್ನೊಂದೂಕಾಲರ ಸುಮಾರಿಗೆ ಕಾದು ತೆಗೆಯತಕ್ಕದ್ದು. ಪಶ್ಚಿಮಮುಖದ ಕಲ್ಲಿಗೆ ಒಂದೂಕಾಲು.

ಆದಾಗ್ಯೂ ಓರೆಬೆಳಕು ಎಲ್ಲ ಸಂದೇಹಗಳನ್ನೂ ಕಳೆಯುವುದೆಂದು ಭಾವಿಸಬಾರದು. ಅದು ಹೊಸ ಸಂದೇಹಗಳನ್ನು ಹುಟ್ಟಿಸುವುದೂ ಉಂಟು. ಅಕ್ಷರದ ಗೆರೆಗೆ ನೆರಳು ಕೊಡುವ ಬಿಸಿಲು ಕಲ್ಲಿನ ಬಿರುಕಿಗೂ ಉಳಿಯ ಏಟಿಗೂ ಅಷ್ಟೇ ನಿಷ್ಪಕ್ಷಪಾತವಾಗಿ ನೆರಳು ಕೊಡುತ್ತದೆ. ಮೇಲಾಗಿ, ಬೆಳಕು ಬರುವ ದಿಕ್ಕಿಗೆ ಸಮಾನಾಂತರವಾದ ಗೆರೆಗಳು ಕಾಣದೆ ಹೋಗುತ್ತವೆ. ಪಕ್ಕದಿಂದ ಬಂದ ಬೆಳಕಿನಲ್ಲಿ ಲಂಬವಾದ ಗೆರೆಗಳು ಸ್ಫುಟವಾಗಿ, ತಲೆಕಟ್ಟಿನಂಥ ಅಡ್ಡಗೆರೆಗಳು ಮಾಸುತ್ತವೆ. ಮೇಲಿನಿಂದ ಬಂದರೆ ಇದಕ್ಕೆ ವಿಪರ್ಯಾಸ. ಒಂದು ದೀರ್ಘ, ಒಂದು ಒತ್ತು ಮರೆಯಾದರೆ ಒಬ್ಬ ವ್ಯಕ್ತಿಯ ಹೆಸರೇ ಬೇರೆಯಾದೀತು. ಶಿರಾದಿಂದ ಹಿರಿಯೂರಿನ ಮಾರ್ಗವಾಗಿ ಹೋದರೆ ಸಿಕ್ಕುವ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನವಿದೆ. ಡಾ. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1929ರ ವಾರ್ಷಿಕ ವರದಿಯಲ್ಲಿ ಅದನ್ನು ಪ್ರಕಟಿಸಿ, ಮಯೂರಶರ್ಮನು ಜಯಿಸಿದ ಅನೇಕ ರಾಜ್ಯಗಳ ಹೆಸರುಗಳನ್ನು ಅದರಲ್ಲಿ ಓದಿದರು. ಆಮೇಲಿನ ವಿದ್ವಾಂಸರು ಅದೇ ಬಂಡೆಯನ್ನು ಬೇರೆ ವಿಧವಾಗಿ ಓದಿ ಆ ದಿಗ್ವಿಜಯದ ವಿಸ್ತಾರವನ್ನೇ ಸಂಶಯಿಸಿದ್ದಾರೆ. ಭೇದಕ್ಕೆ ಬೆಳಕೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಬಂಡೆಯ ಮೈ ಒರಟು, ಅಕ್ಷರಗಳು ಸವೆದಿವೆ. ಆದರೆ ಇಂಥ ಬಂಡೆಯ ಒಂದೇ ಒಂದು ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ವಾದಿಸುವುದು ಒಬ್ಬನೇ ಸಾಕ್ಷಿಯ ಹೇಳಿಕೆಯಿಂದ ತೀರ್ಪು ಕೊಟ್ಟಂತೆ. ಎರಡು ದಿಕ್ಕಿನ ಬೆಳಕಿನಲ್ಲಿಯೂ ಸ್ಥಿರವಾಗಿ ನಿಲ್ಲುವ ಗೆರೆಯನ್ನೇ ಅಕ್ಷರದ ಗೆರೆಯೆಂದು ಅಂಗೀಕರಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.

ಹಳೆಯ ಛಾಯಾಚಿತ್ರಗಳನ್ನು ಆಧಾರವಾಗಿ ಬಳಸುವಾಗಲೂ ಇದೇ ಎಚ್ಚರ ಬೇಕು. ಕನ್ನಡನಾಡಿನ ಸ್ಮಾರಕಗಳ ಮೊದಲ ಛಾಯಾಚಿತ್ರಗಳು 1850ರ ದಶಕಕ್ಕೆ ಸೇರಿದುವು. ಕ್ಯಾಪ್ಟನ್ ಬಿಗ್ಸ್ 1855ರಲ್ಲಿ ಮುಂಬಯಿ ಸರ್ಕಾರದ ಪರವಾಗಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆ ಸಂಚರಿಸಿದನು. ಅವನ ತರುವಾಯ ಡಾಕ್ಟರ್ ಪಿಗೋ ಆ ಕೆಲಸವನ್ನು ಮುಂದುವರಿಸಿದನು. ಇವರಿಬ್ಬರ ಹಾಗೂ ನೀಲ್ ಎಂಬ ವೈದ್ಯನ ಚಿತ್ರಗಳು ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥದಲ್ಲಿ 1866ರಲ್ಲಿ, ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹಗಳೊಡನೆ ಲಂಡನ್ನಿನಲ್ಲಿ ಹೊರಬಂದುವು. ಅದೇ ಕಾಲದಲ್ಲಿ, 1856ರ ಸುಮಾರಿಗೆ, ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದನು. ಇವರಿಗೆ ಸೂರ್ಯನ ಹೊರತು ಬೇರೆ ದೀಪವಿರಲಿಲ್ಲ. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾಯಬೇಕಾಗಿದ್ದಿತು.

ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದ್ದುದಕ್ಕೆ ಗ್ರೀನ್‌ಲಾನ ಚಿತ್ರವು ಅಮೂಲ್ಯವಾದ ಸಾಕ್ಷ್ಯ. ಆ ಗೋಪುರವು ಈಗ ಇಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ ನಿಂತು ಮತ್ತೆ ಚಿತ್ರ ತೆಗೆದುದರಿಂದ, ಸುಮಾರು ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತೆಂಬುದು ಕಣ್ಣಿಗೆ ಕಟ್ಟುವಂತಾಯಿತು. ಇಷ್ಟು ವಿಶ್ವಾಸಾರ್ಹವಾದ ಚಿತ್ರಗಳೂ ಎರಡು ವಿಷಯಗಳಲ್ಲಿ ನಮ್ಮನ್ನು ವಂಚಿಸಬಲ್ಲುವು. ಮೊದಲನೆಯದಾಗಿ, ಬೀದಿಯಲ್ಲಿ ನಡೆದುಹೋದವನು ಆ ದೀರ್ಘವಾದ ಚಿತ್ರಣದಲ್ಲಿ ಗುರುತನ್ನೇ ಬಿಡುವುದಿಲ್ಲ. ಚಿತ್ರದಲ್ಲಿ ಜನರಿಲ್ಲವೆಂದ ಮಾತ್ರಕ್ಕೆ ಊರು ನಿರ್ಜನವಾಗಿತ್ತೆಂದು ಬರೆಯುವುದು ಸಲ್ಲದು. ಎರಡನೆಯದಾಗಿ, ಆ ಕಾಲದ ರಾಸಾಯನಿಕ ಲೇಪಗಳಿಗೆ ನೀಲಿಯ ಕಡೆ ಒಲವು, ಕೆಂಪಿಗೆ ಕುರುಡು. ಕುಂಕುಮ ಬಳಿದ ಭಾಗವು ಕಪ್ಪಾಗಿ ಬಂದು ನೆರಳಿನಂತೆ ತೋರಬಹುದು. ನೆರಳೋ ಕುಂಕುಮವೋ ಎಂಬುದನ್ನು ನಿರ್ಧರಿಸಲು ಪಕ್ಕದ ಕಂಬದ ನೆರಳು ಯಾವ ಕಡೆ ಬಿದ್ದಿದೆಯೆಂದು ನೋಡಬೇಕು. ಕಟ್ಟಡದ ದಿಕ್ಕು ಗೊತ್ತಿದ್ದರೆ ಆ ನೆರಳಿನಿಂದಲೇ ಹೊತ್ತನ್ನೂ, ಕೆಲವೊಮ್ಮೆ ಋತುವನ್ನೂ ಊಹಿಸಬಹುದು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಸೊಗಸಾದ ಅಭ್ಯಾಸವನ್ನು ನಾವು ಬೇರೆ ಕಾಣೆವು.

ದೇವಾಲಯಗಳ ಒಳಭಾಗವು ಈ ಛಾಯಾಗ್ರಾಹಕರ ಕೈಗೆ ಬಹುಮಟ್ಟಿಗೆ ಎಟುಕಲಿಲ್ಲವೆಂಬುದು ಸಹಜವೇ. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾದಾಗ ಅದರ ನವರಂಗವು ತೆರೆದೇ ಇದ್ದು, ಅದಕ್ಕೆ ಗೋಡೆಯನ್ನೂ ಜಾಲಂಧ್ರಗಳನ್ನೂ ಕೂಡಿಸಿದುದು ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಅಲ್ಲಿನ ಕಂಬಗಳನ್ನು ಕಡೆದ ಶಿಲ್ಪಿಗಳು ಈಗಿನ ಕತ್ತಲೆಯನ್ನು ಎಣಿಸಿರಲಿಲ್ಲ! ಅಂಥ ಎಡೆಗಳಿಗೆ ಹಳಬರು ಕಂಡುಕೊಂಡ ಉಪಾಯ ಕನ್ನಡಿ. ಬಾಗಿಲ ಹೊರಗೆ ಬಿಸಿಲಿನಲ್ಲಿ ಕನ್ನಡಿ ಹಿಡಿದು ಕಿರಣವನ್ನು ಒಳಕ್ಕೆ ತಿರುಗಿಸಿ, ಬೇಕಾದರೆ ಒಳಗೆ ಇನ್ನೊಂದು ಕನ್ನಡಿಯಿಂದ ಅದನ್ನು ಗೋಡೆಯ ಮೇಲೆ ಓರೆಯಾಗಿ ಹಾಯಿಸುವುದು.

ಇದನ್ನು ಬರೆಯುವಾಗ ನಮ್ಮ ಮನಸ್ಸು ಮತ್ತೆ ಆ ಕೆರೆಯ ಏರಿಗೆ ಹೋಗುತ್ತದೆ. ಡಿಸೆಂಬರಿನ ಆ ನಡುಹಗಲಲ್ಲಿ ಕಲ್ಲಿನ ಮುಂದೆ ಧಾರಾಳವಾಗಿ ಬಿಸಿಲಿತ್ತು. ಕಲ್ಲಿನ ಮುಖದ ಮೇಲೆ ಮಾತ್ರ ಇರಲಿಲ್ಲ. ಊರಿನ ಯಾವ ಮನೆಯಲ್ಲಿ ಕೇಳಿದ್ದರೂ ಗೋಡೆಯ ಕನ್ನಡಿಯೊಂದನ್ನು ಎರವಲು ಕೊಡುತ್ತಿದ್ದರು. ಅದನ್ನು ಹಿಡಿದು ಪಕ್ಕದಲ್ಲಿ ನಿಲ್ಲಲು ಹದಿನಾಲ್ಕು ಮಂದಿ ವಿದ್ಯಾರ್ಥಿಗಳಿದ್ದರು. ನಮಗೆ ತೋಚಲಿಲ್ಲ.

ಈಚೆಗೆ ಬೇರೆ ಸಾಧನಗಳು ಬಂದಿವೆ. ಬೇರೆ ಬೇರೆ ದಿಕ್ಕಿನಿಂದ ದೀಪ ಹಿಡಿದು ತೆಗೆದ ಅನೇಕ ಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಸಿ, ಬೆಳಕನ್ನು ಬೇಕಾದ ಕಡೆಗೆ ಹೊರಳಿಸಿ ನೋಡುವ ವಿಧಾನವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಆ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಶ್ಲಾಘ್ಯವಾದ ಕಾರ್ಯವನ್ನು ಕೈಗೊಂಡಿತು. ಆದರೆ ಹುಲಿಕುಂಟೆಯಂಥ ಹೋಬಳಿಗಳಲ್ಲಿ ಕಲ್ಲುಗಳು ಯಂತ್ರ ಬರುವ ತನಕ ಕಾಯುವುದಿಲ್ಲ. ಅವುಗಳ ಮುಂದೆ ಮೊದಲು ನಿಲ್ಲುವವರು ಕೈಯಲ್ಲಿ ಮೊಬೈಲು ಹಿಡಿದ ಅಧ್ಯಾಪಕರೂ ವಿದ್ಯಾರ್ಥಿಗಳೂ; ಅನೇಕ ವೇಳೆ ಕೊನೆಗೆ ನಿಲ್ಲುವವರೂ ಅವರೇ. ಈಗ ನಾವು ಕ್ಷೇತ್ರಕಾರ್ಯಕ್ಕೆ ಹೊರಡುವಾಗ ಒಂದು ದಿಕ್ಸೂಚಿಯನ್ನೂ ಒಂದು ಅಡಿ ಅಗಲದ ಕನ್ನಡಿಯನ್ನೂ ಒಯ್ಯುತ್ತೇವೆ. ಪ್ರತಿಯೊಂದು ಚಿತ್ರದ ಜೊತೆಗೆ ಕಲ್ಲಿನ ಮುಖದ ದಿಕ್ಕು, ತಾರೀಖು, ಗಂಟೆ, ಬೆಳಕು ಬಂದ ಕಡೆ ಇವನ್ನು ಬರೆದಿಡುತ್ತೇವೆ.

ಕಟ್ಟಣೆಯೊಳಗೆ ಸೇರಿದ ವೀರಗಲ್ಲಿನ ಚಿತ್ರಗಳು ನಮ್ಮಲ್ಲಿವೆ. ಅವುಗಳಲ್ಲಿ ಮೂರನೆಯ ಸಾಲಿನ ಕೊನೆಗೆ ‘ಸಂವತ್ಸರದ’ ಎಂಬ ಪದವನ್ನು ಸಂದೇಹವಿಲ್ಲದೆ ಓದಬಹುದು. ಅದರ ಹಿಂದೆ ಮೂರು ಅಕ್ಷರಗಳಿಗೆ ಸಾಕಾಗುವಷ್ಟು ಸ್ಥಳವಿದೆ. ಯಾವ ಸಂವತ್ಸರವೆಂಬುದು ಕಾಣುವುದಿಲ್ಲ.