ಗೋಣಿಗರ ನಾರು, ಕೆರೆಯ ನೀರು

ಬೆಂಗಳೂರಿನ ಬಳಿಯ ನಂದಗುಡಿ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನೀರೆಂದರೆ ಕೆರೆ, ಕುಂಟೆ, ಬಾವಿ. ಗಿಡದ ಕಡ್ಡಿ ಕೊಳೆಹಾಕಿ ನಾರು ಬಿಡಿಸುವ ಕಸುಬಿಗೋ ಮೊದಲು ಬೇಕಾದದ್ದೇ ನೀರು. ಬೆಂಗಳೂರಿನ ಸುತ್ತಣ ಬಯಲಲ್ಲಿ ಈ ಕಸುಬು ಹೇಗೆ ನಡೆಯಿತು ಎಂಬುದರ ಸುಳಿವು ಫ್ರಾನ್ಸಿಸ್ ಬುಕಾನನ್‌ನ ಬರಹದಲ್ಲಿದೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಬುಕಾನನ್‌ನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಗೋಣಿ ನೇಯುವವರ ಕೆಲಸವನ್ನು ಆತ ಹಂತಹಂತವಾಗಿ ಬರೆದಿಟ್ಟಿದ್ದಾನೆ. ಗಿಡದ ಹೆಸರು ಜನಪ. ಇಂದಿನ ಅಪ್ಸೆಣಬು, ಸಸ್ಯಶಾಸ್ತ್ರದ ಕ್ರೊಟಲೇರಿಯಾ ಜನ್ಸಿಯಾ. (ಬಂಗಾಳದ ಸೆಣಬಿಗೂ ಇದಕ್ಕೂ ಕುಲಸಂಬಂಧವಿಲ್ಲ, ಇದು ಅವರೆ, ಹುರುಳಿಯ ಬಳಗದ್ದು.) ಕೊಯ್ದ ಗಿಡವನ್ನು ಬಿಸಿಲಿಗೆ ಒಣಗಿಸಿ, ಕಾಯಿ ಬಡಿದು ಬೀಜ ತೆಗೆಯುತ್ತಿದ್ದರು. ಕಡ್ಡಿಗಳನ್ನು ಎರಡು ಮಾರು ಸುತ್ತಳತೆಯ ಹೊರೆ ಕಟ್ಟಿ ಬಣವೆ ಒಟ್ಟುತ್ತಿದ್ದರು, ಇಲ್ಲವೇ ಚಪ್ಪರದಡಿ ಇಡುತ್ತಿದ್ದರು. ಬೇಕಾದಾಗ ಹೊರೆ ಇಳಿಸಿ ಆರರಿಂದ ಎಂಟು ದಿನ ನೀರಿನಲ್ಲಿ ಮುಳುಗಿಸುವುದು. ತೊಗಟೆ ಸಲೀಸಾಗಿ ಬಿಟ್ಟುಕೊಂಡರೆ ಹದ ಬಂದಂತೆ. ಆಮೇಲೆ ಹಿಡಿಹಿಡಿಯಾಗಿ ನೆಲಕ್ಕೆ ಬಡಿದು, ತೊಳೆದು, ಉಳಿದ ಬೆಂಡನ್ನು ಕೈಯಲ್ಲೇ ಆಯ್ದು ತೆಗೆಯಬೇಕು. ಒಣಗಿದ ನಾರನ್ನು ಕೋಲಿನಿಂದ ಬಡಿದರೆ ಎಳೆ ಬಿಡಿಯಾಗುತ್ತದೆ. ಕದಿರಿನಲ್ಲಿ ನೂಲುವುದು ಗಂಡಸರು, ಹೆಂಗಸರು ಇಬ್ಬರೂ. ಬಯಲಿನಲ್ಲಿ ಹೂಡಿದ ಒರಟು ಮಗ್ಗದಲ್ಲಿ ನೇಯುವುದು ಗಂಡಸರು ಮಾತ್ರ.

ಈ ವಿವರದಲ್ಲಿ ಹೆಚ್ಚು ಗಮನಿಸಬೇಕಾದದ್ದು ಆ ಬಣವೆ. ಬಂಗಾಳದಲ್ಲಿ ಸೆಣಬನ್ನು ಕೊಯ್ದ ಕೆಲವೇ ದಿನಗಳಲ್ಲಿ, ಹಸಿ ಇರುವಾಗಲೇ ನೀರಿಗೆ ಹಾಕುತ್ತಾರೆ. ಅಲ್ಲಿ ನೀರಿಗೆ ಬರವಿಲ್ಲ. ಇಲ್ಲಿ ಕಡ್ಡಿ ಒಣಗಿ ಕಾಯುತ್ತದೆ. ಕೆರೆಯ ನೀರು, ಮನೆಮಂದಿಯ ಬಿಡುವು, ಎರಡಕ್ಕೂ ಹೊಂದುವಂತೆ ಗೋಣಿಗರು ಕೆಲಸವನ್ನು ಹಂಚಿಕೊಂಡಿದ್ದರು ಎಂದು ಊಹಿಸಬಹುದು.

ನೀರಿನೊಳಗೆ ನಡೆಯುವುದು ಬ್ಯಾಕ್ಟೀರಿಯಾಗಳ ಕೆಲಸ. ನಾರನ್ನು ಬೆಂಡಿಗೆ ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟನ್ನು ಅವು ಮೊದಲು ಕರಗಿಸುತ್ತವೆ. ಸೆಲ್ಯುಲೋಸಿನ ನಾರು ತಡೆದುಕೊಳ್ಳುತ್ತದೆ. ಬೇಗ ತೆಗೆದರೆ ಬೆಂಡಿನ ಚೂರು ಕಚ್ಚಿಕೊಂಡೇ ಬರುತ್ತದೆ, ಹೆಚ್ಚು ದಿನ ಬಿಟ್ಟರೆ ನಾರೇ ಲಡ್ಡಾಗುತ್ತದೆ. ನಾತವಂತೂ ತಪ್ಪಿದ್ದಲ್ಲ.

ಕಸುಬಿನಿಂದಲೇ ಜಾತಿಗೆ ಹೆಸರು ಬಂತು. ಕನ್ನಡದಲ್ಲಿ ಗೋಣಿಗ, 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿಗಳ ಕುರಿತ ಗ್ರಂಥದಲ್ಲಿ ಗೋಣಿ ನೇಯುವ ಜನಪ್ಪನ್ ಎಂಬ ಜಾತಿಯೂ ಇದೆ, ಅದು ಗಿಡದ ಹೆಸರೇ. ಇಂಗ್ಲಿಷಿನ ‘ಗನ್ನಿ’ ಕೂಡ ಗೋಣಿಯ ಮೂಲದ್ದೇ. ಆದರೆ 1855ರಲ್ಲಿ ಕಲ್ಕತ್ತದ ಬಳಿಯ ರಿಷ್ರಾದಲ್ಲಿ ಸೆಣಬಿನ ನೂಲಿನ ಗಿರಣಿ ಶುರುವಾದ ಮೇಲೆ ಗಿರಣಿಚೀಲ ಅಗ್ಗವಾಗುತ್ತ ಹೋಯಿತು. ಕೈಮಗ್ಗದ ಗೋಣಿಗೆ ಆ ಬೆಲೆಯೊಂದಿಗೆ ಹೆಣಗುವುದು ಸುಲಭವಿರಲಿಲ್ಲ.

ಅಪ್ಸೆಣಬು ಮಾತ್ರ ಹೊಲ ಬಿಟ್ಟು ಹೋಗಿಲ್ಲ. ಈಗ ಅದು ಹಸಿರೆಲೆ ಗೊಬ್ಬರ. ಹಳದಿ ಹೂ ಕಾಣಿಸುವ ಹೊತ್ತಿಗೆ, ಬಿತ್ತಿದ ಆರೇಳು ವಾರಕ್ಕೆಲ್ಲ, ಉತ್ತು ಮಣ್ಣಿಗೆ ಸೇರಿಸುತ್ತಾರೆ. ತಡಮಾಡಿದರೆ ಕಡ್ಡಿಯಲ್ಲಿ ನಾರು ಬಲಿತು ಬೇಗ ಕೊಳೆಯುವುದಿಲ್ಲ.