ಸುಮ್ಮನಾದ ಕಬ್ಬಿಣ: ಲೋಹ–ಆಮ್ಲ ಚರಿತ್ರೆಯ ಒಂದು ತೊಡಕು

ನಮ್ಮ ಪಠ್ಯಪುಸ್ತಕಗಳು ಆಮ್ಲವನ್ನು ಸಾರರಿಕ್ತ, ಸಾರಯುಕ್ತ ಎಂದು ವಿಂಗಡಿಸುತ್ತವೆ. ಈ ಜೋಡಿಪದ ಕೇಳಿದರೆ ವ್ಯತ್ಯಾಸವೆಲ್ಲ ನೀರಿನ ಪ್ರಮಾಣದ್ದೇ ಎನಿಸುತ್ತದೆ; ಸಾರ ಹೆಚ್ಚಿದಷ್ಟೂ ಲೋಹ ಬೇಗ ಕರಗಬೇಕು ಎಂಬ ಊಹೆಯೂ ಅದರ ಬೆನ್ನಿಗೇ ಬರುತ್ತದೆ. ಈ ಊಹೆ ಹದಿನೆಂಟನೆಯ ಶತಮಾನದಲ್ಲೇ ಮುರಿದುಬಿದ್ದಿತ್ತು.

1766ರಲ್ಲಿ ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್ ಸತು, ಕಬ್ಬಿಣ, ತವರಗಳನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲೂ ಹೈಡ್ರೋಕ್ಲೋರಿಕ್ ಆಮ್ಲದಲ್ಲೂ ಕರಗಿಸಿ, ಹೊತ್ತಿ ಉರಿಯುವ ಗಾಳಿಯನ್ನು ಹಿಡಿದಿಟ್ಟರು. ಅದೇ ಹೈಡ್ರೋಜನ್. ಅದು ಲೋಹದೊಳಗಿಂದ ಹೊರಡುತ್ತದೆಂದು ಅವರು ತಿಳಿದಿದ್ದರು. ಆಮ್ಲದಿಂದ ಎಂಬುದು ಆಮೇಲಿನ ತಿಳಿವಳಿಕೆ. ಈ ಪ್ರಯೋಗಗಳನ್ನು ವಿವರಿಸಿದ ಅವರ ಪ್ರಬಂಧದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೊಂದು ಮಾತು. ನೀರು ಬೆರೆಸದ ಗಂಧಕಾಮ್ಲದಲ್ಲಿ ಲೋಹವನ್ನು ಕಾಯಿಸಿದಾಗ ಮೂಗಿಗೆ ಅಡರುವ ಘಾಟು ಹೊಗೆ ಎದ್ದಿತು, ಅದು ಉರಿಯಲಿಲ್ಲ. ನೈಟ್ರಿಕ್ ಆಮ್ಲದಲ್ಲೂ ಉರಿಯುವ ಗಾಳಿ ಸಿಗಲಿಲ್ಲ. ಸಾರಯುಕ್ತ ಗಂಧಕಾಮ್ಲ ಲೋಹವನ್ನು ಉತ್ಕರ್ಷಿಸಿ ತಾನು ಸಲ್ಫರ್ ಡೈಆಕ್ಸೈಡ್ ಆಗುತ್ತದೆಂದು ಇಂದು ಬಲ್ಲೆವು. ಸಾರರಿಕ್ತ ಗಂಧಕಾಮ್ಲಕ್ಕೆ ಜಗ್ಗದ ತಾಮ್ರ ಬಿಸಿಯಾದ ಸಾರಯುಕ್ತ ಆಮ್ಲದಲ್ಲಿ ಕರಗುವುದೂ ಇದೇ ಕಾರಣಕ್ಕೆ. ನೀರು ಕಡಿಮೆಯಾದಾಗ ಆಮ್ಲದ ಬಲವಷ್ಟೇ ಅಲ್ಲ, ಅದರ ಕೆಲಸವೇ ಬದಲಾಗುತ್ತದೆ.

ಇನ್ನೂ ವಿಚಿತ್ರವಾದದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಕೈಗಾರಿಕೋದ್ಯಮಿ ಜೇಮ್ಸ್ ಕೀರ್ ಅವರ ಕಣ್ಣಿಗೆ ಬಿತ್ತು. ಹೊಗೆಯಾಡುವ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಿದ ಕಬ್ಬಿಣ ಕರಗಲೇ ಇಲ್ಲ, ಹೊಳಪೂ ಮಾಸಲಿಲ್ಲ. ಅದನ್ನು ತೆಗೆದು ಬೆಳ್ಳಿಯ ದ್ರಾವಣದಲ್ಲಿಟ್ಟರೆ, ಸಾಮಾನ್ಯ ಕಬ್ಬಿಣದಂತೆ ಬೆಳ್ಳಿಯನ್ನು ಹೊರಗೆಡಹಲೂ ಇಲ್ಲ. 1790ರಲ್ಲಿ ಅವರು ಇದನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಭುಸುಗುಟ್ಟಿ ಕರಗುವ ಲೋಹ ಇದೇ ಎಂಬುದನ್ನು ನೆನೆದರೆ ಅವರ ಬೆರಗು ಅರ್ಥವಾಗುತ್ತದೆ.

1836ರಲ್ಲಿ ಬಾಸೆಲ್‌ನ ಕ್ರಿಶ್ಚಿಯನ್ ಶೋನ್‌ಬೈನ್ ಇದನ್ನು ಮತ್ತೆ ಕೈಗೆತ್ತಿಕೊಂಡು ಮೈಕೆಲ್ ಫ್ಯಾರಡೆಗೆ ಬರೆದರು. ಕಬ್ಬಿಣದ ಈ ಸ್ಥಿತಿಗೆ 'ನಿಷ್ಕ್ರಿಯ' ಎಂಬರ್ಥದ ಹೆಸರು ನಿಂತದ್ದು ಅವರಿಂದಲೇ. ಫ್ಯಾರಡೆ ಪ್ರಯೋಗಗಳನ್ನು ತಾವೇ ಮಾಡಿ ನೋಡಿದರು. ಪ್ಲಾಟಿನಂ ತಂತಿ ತಾಗಿಸಿಕೊಂಡು ಆಮ್ಲಕ್ಕಿಳಿದ ಕಬ್ಬಿಣ ಸುಮ್ಮನಿರುತ್ತಿತ್ತು. ಸುಮ್ಮನಾದ ಕಬ್ಬಿಣಕ್ಕೆ ತಕ್ಕ ಹದದ ಆಮ್ಲದಲ್ಲಿ ತಾಮ್ರ ತಾಗಿಸಿದರೆ ಅದು ಮತ್ತೆ ಎಚ್ಚೆತ್ತು ಕರಗತೊಡಗುತ್ತಿತ್ತು. ಮೇಲ್ಮೈ ಉತ್ಕರ್ಷಣಗೊಂಡಿದೆ, ಇಲ್ಲವೇ ಅಲ್ಲಿನ ಕಣಗಳಿಗೂ ಆಕ್ಸಿಜನ್‌ಗೂ ಉತ್ಕರ್ಷಣಕ್ಕೆ ಸಮನಾದ ನಂಟು ಬೆಳೆದಿದೆ ಎಂದು ಫ್ಯಾರಡೆ ಊಹಿಸಿದರು. ಕಾಣದ ಪೊರೆಯನ್ನು ಕೇವಲ ತರ್ಕದಿಂದ ಹಿಡಿದ ಈ ಊಹೆ ಆ ಕಾಲದ ರಸಾಯನವಿಜ್ಞಾನದ ದೊಡ್ಡ ಸಾಧನೆಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಪುರಾವೆಗೆ ಮಾತ್ರ ತೊಂಬತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಕಣ್ಣಿಗೆ ಬೀಳದ ಪೊರೆ ಇದೆಯೆಂದು ಹೇಗೆ ಒಪ್ಪುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. 1927ರಲ್ಲಿ ಕೇಂಬ್ರಿಜ್‌ನ ಯು. ಆರ್. ಇವಾನ್ಸ್ ಪೊರೆಯನ್ನು ಹಾಗೇ ಉಳಿಸಿ ಅದರಡಿಯ ಕಬ್ಬಿಣವನ್ನಷ್ಟೇ ಕರಗಿಸಿ ತೆಗೆದರು. ದ್ರವದಲ್ಲಿ ಉಳಿದದ್ದು ಪಾರದರ್ಶಕವಾದ ತೆಳು ಚೂರುಗಳು. ಅಲ್ಲಿಯವರೆಗೆ ಅದು ಕಾಣದಿದ್ದುದಕ್ಕೆ ಕಾರಣವೂ ಅದರಲ್ಲೇ ಇತ್ತು: ನೋಡುವವರ ದೃಷ್ಟಿ ಪೊರೆಯನ್ನು ಹಾಯ್ದು ಕೆಳಗಿನ ಲೋಹದ ಹೊಳಪಿನ ಮೇಲೆ ನಿಲ್ಲುತ್ತಿತ್ತು.