ಪಾಸ್‌ಪೋರ್ಟಿಗೆ ಅಂಟಿಸಿದ ಸಿಮ್ಮು

2016ರಲ್ಲಿ ಆಫೀಸಿನ ಕೆಲಸದ ಮೇಲೆ ಪುಣೆಯಿಂದ ಮೊದಲ ಸಲ ಸಿಂಗಪುರಕ್ಕೆ ಹೋದಾಗ, ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಚಾಂಗಿ ವಿಮಾನ ನಿಲ್ದಾಣದಲ್ಲಿ ಅಲ್ಲಿಯ ಸಿಮ್ ಕೊಂಡೆ. ನನ್ನದು ಒಂದೇ ಸಿಮ್ಮಿನ ಫೋನು. ಊರಿನ ಸಿಮ್ಮನ್ನು ಹೊರತೆಗೆದು, ಕಳೆದುಹೋಗದಿರಲಿ ಎಂದು ಪಾಸ್‌ಪೋರ್ಟಿನ ಕವರಿಗೆ ಟೇಪಿನಿಂದ ಅಂಟಿಸಿದೆ. ಮೂರನೆಯ ದಿನ ರಾತ್ರಿ ಹುಬ್ಬಳ್ಳಿಯಿಂದ ತಮ್ಮ ವಾಟ್ಸ್ಯಾಪ್ ಮಾಡಿದ: ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಹಣ ಕಳಿಸಲು ಕೂತೆ. ಬ್ಯಾಂಕು ಒಟಿಪಿ ಕಳಿಸಿತು, ಟೇಪಿನ ಕೆಳಗಿದ್ದ ಸಿಮ್ಮಿಗೆ. ಅದನ್ನು ಕಿತ್ತು ಫೋನಿಗೆ ಹಾಕಿದರೂ ಸಿಗ್ನಲ್ ಇಲ್ಲ; ಹೊರಡುವ ಮೊದಲು ರೋಮಿಂಗ್ ಚಾಲೂ ಮಾಡಿಸಿರಲಿಲ್ಲ. “ಅಣ್ಣಾ, ರೊಕ್ಕ ಇನ್ನೂ ಬಂದಿಲ್ಲ” ಎಂಬ ಅವನ ಸಂದೇಶಕ್ಕೆ ಏನು ಉತ್ತರಿಸಲಿ? ಮರುದಿನ ಪುಣೆಯ ಗೆಳೆಯನೊಬ್ಬ ಹಣ ಕಳಿಸಿದ. ಅಪ್ಪ ಗುಣವಾಗಿ ಮನೆಗೆ ಬಂದರು. ಆದರೆ ಉಗುರಿನಷ್ಟಗಲದ ಆ ಚೂರಿನ ಮೇಲೆ ನಾವು ಇಷ್ಟೊಂದು ಭಾರ ಹೊರಿಸಿದ್ದು ಯಾವಾಗ ಎಂಬ ಪ್ರಶ್ನೆ ನನ್ನಲ್ಲೇ ಉಳಿಯಿತು.

ನಮ್ಮ ಹಿರಿಯರ ಕಾಲಕ್ಕೆ ಫೋನ್ ನಂಬರು ಮನುಷ್ಯನದಾಗಿರಲಿಲ್ಲ, ಜಾಗದ್ದಾಗಿತ್ತು. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ದೇಶದ ಮೊದಲ ಎಸ್‌ಟಿಡಿ ಶುರುವಾಯಿತು. ಅದರಿಂದ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು ನಿಧಾನಕ್ಕೆ ತಪ್ಪಿತೇ ಹೊರತು, ಕರೆ ಹೋಗುತ್ತಿದ್ದುದು ಒಂದು ಮನೆಗೆ ಅಥವಾ ಅಂಗಡಿಗೆ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಹುಡುಗ ಊರಿಗೆ ಫೋನ್ ಮಾಡಿದರೆ, ಫೋನಿದ್ದ ಮನೆಯವರು ಹೋಗಿ ಅವನ ಅಮ್ಮನನ್ನು ಕರೆದು ತರಬೇಕಿತ್ತು.

ನಂಬರು ಜಾಗ ಬಿಟ್ಟು ಮನುಷ್ಯನ ಹಿಂದೆ ಹೊರಟಿದ್ದು ಮೊಬೈಲಿನಿಂದ. ಆದರೆ ಮೊದಲ ಮೊಬೈಲುಗಳಲ್ಲಿ ನಂಬರು ಫೋನಿಗೇ ಕಟ್ಟಿಬಿದ್ದಿತ್ತು. ಆ ಗಂಟು ಬಿಚ್ಚಿದ್ದು 1991ರಲ್ಲಿ. ಮ್ಯೂನಿಕ್‌ನ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ ಫಿನ್ಲೆಂಡಿನ ರೇಡಿಯೋಲಿನ್ಯಾಕ್ಕೆ 300 ಸಿಮ್ ಕಾರ್ಡುಗಳನ್ನು ಮಾರಿತು. ಆಗಿನ ಸಿಮ್ ಇಂದಿನ ಎಟಿಎಂ ಕಾರ್ಡಿನಷ್ಟು ದೊಡ್ಡದು. ಅದರೊಳಗೆ ಮುಖ್ಯವಾಗಿ ಎರಡು ಸಂಗತಿಗಳಿದ್ದವು, ಇವತ್ತಿಗೂ ಇವೆ. ಒಂದು, 15 ಅಂಕಿಗಳವರೆಗಿನ ಗುರುತು. ಅದರ ಮೊದಲ ಮೂರು ಅಂಕಿ ದೇಶದ್ದು. ನಮ್ಮ ಸಿಮ್‌ಗಳದ್ದು 404 ಅಥವಾ 405ರಿಂದ ಶುರುವಾಗುತ್ತದೆ. ಇನ್ನೊಂದು, ಕಾರ್ಡಿಗೂ ಕಂಪನಿಗೂ ಮಾತ್ರ ಗೊತ್ತಿರುವ ಗುಟ್ಟಿನ ಕೀಲಿ. ನೆಟ್‌ವರ್ಕು ಒಂದು ಸಂಖ್ಯೆ ಕಳಿಸುತ್ತದೆ, ಕಾರ್ಡು ಆ ಕೀಲಿಯಿಂದ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಉತ್ತರ ತಾಳೆಯಾದರೆ ಒಳಗೆ ಪ್ರವೇಶ. 1992ರಲ್ಲಿ ಫಿನ್ಲೆಂಡ್ ಮತ್ತು ಬ್ರಿಟನ್ನಿನ ಕಂಪನಿಗಳು ಪರಸ್ಪರರ ಗಿರಾಕಿಗಳಿಗೆ ಜಾಗ ಕೊಡುವ ಒಪ್ಪಂದ ಮಾಡಿಕೊಂಡವು. ರೋಮಿಂಗ್ ಶುರುವಾಯಿತು, ಅದರ ಬಿಲ್ಲೂ ಶುರುವಾಯಿತು.

ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕೋಲ್ಕತ್ತಾದಿಂದ ದೆಹಲಿಗೆ ಹೋಯಿತು. ಮಾಡಿದವರು ಜ್ಯೋತಿ ಬಸು, ತೆಗೆದುಕೊಂಡವರು ಕೇಂದ್ರ ಸಚಿವ ಸುಖರಾಮ್. ಆದರೆ ದೇಶವನ್ನು ಸರ್ಕಲ್‌ಗಳಾಗಿ ಹಂಚಿದ್ದರಿಂದ ನಮ್ಮಂಥ ವಲಸಿಗರಿಗೆ ಪರದೇಶ ಎಂಬುದು ಬೆಳಗಾವಿ ದಾಟಿದೊಡನೆ ಶುರುವಾಗುತ್ತಿತ್ತು. ಊರಿನ ನಂಬರಿಗೆ ಬಂದ ಕರೆ ಎತ್ತಿಕೊಂಡರೂ ದುಡ್ಡು. ಹಾಗಾಗಿ ಹೊಸ ನಗರಕ್ಕೆ ಹೊಸ ಸಿಮ್, ಊರಿನದು ಪರ್ಸಿನೊಳಗೆ. 2011ರಲ್ಲಿ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ ದೇಶವಿಡೀ ಬಂತು. 2015ರ ಜುಲೈಯಿಂದ ಸರ್ಕಲ್ ದಾಟಿದರೂ ನಂಬರು ನಮ್ಮದೇ ಆಯಿತು. ಅಷ್ಟರಲ್ಲಿ ಅದು ಬರೀ ಮಾತಿನ ನಂಬರಾಗಿ ಉಳಿದಿರಲಿಲ್ಲ. 2009ರ ಆಗಸ್ಟಿನಿಂದ ಕಾರ್ಡಿನ ಆನ್‌ಲೈನ್ ಖರೀದಿಗೆ ಎರಡನೆಯ ಖಾತರಿ ಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದ ಮೇಲೆ, ನಮ್ಮ ದುಡ್ಡಿನ ಬೀಗದ ಕೈ ಮೆಲ್ಲಗೆ ಎಸ್ಸೆಮ್ಮೆಸ್ಸಿಗೆ ಬಂದು ಕೂತಿತ್ತು. ನಾನು ಸಿಂಗಪುರದಲ್ಲಿ ಟೇಪಿನಡಿ ಅಂಟಿಸಿದ್ದು ಈ ಬೀಗದ ಕೈಯನ್ನು.

ಇ-ಸಿಮ್ ಬಿಚ್ಚಿದ್ದು ಕೊನೆಯ ಗಂಟನ್ನು: ಗುರುತನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿತು. ಫೋನಿನೊಳಗೇ ಕೂರಿಸಿದ ಚಿಪ್ಪಿಗೆ ಆ ಗುರುತು ಮತ್ತು ಕೀಲಿಗಳನ್ನು ಇಂಟರ್ನೆಟ್ಟಿನ ಮೂಲಕ ಇಳಿಸುವ ಪದ್ಧತಿ ಇದು. ಸಾಮಾನ್ಯ ಗ್ರಾಹಕರ ಸಾಧನಗಳಿಗಾಗಿ ಇದರ ಮಾನದಂಡ 2016ರಲ್ಲಿ ಬಂತು. 2017ರಲ್ಲಿ ಗೂಗಲ್‌ನ ಪಿಕ್ಸೆಲ್ 2, 2018ರಲ್ಲಿ ಐಫೋನ್ ಎಕ್ಸ್‌ಎಸ್ ಇದನ್ನು ಅಳವಡಿಸಿಕೊಂಡವು. 2022ರಲ್ಲಿ ಅಮೆರಿಕದಲ್ಲಿ ಮಾರಿದ ಐಫೋನ್ 14ರಲ್ಲಿ ಸಿಮ್ ಟ್ರೇಯೇ ಇರಲಿಲ್ಲ. ಪ್ರವಾಸಿಗೆ ಇದರಿಂದ ಆದ ಲಾಭವನ್ನು ಅಗ್ಗದ ಡೇಟಾ ಎಂದಷ್ಟೇ ತಿಳಿಯಬಾರದು. ಊರಿನ ಸಿಮ್ ತನ್ನ ಜಾಗ ಬಿಡಬೇಕಾಗಿಲ್ಲ ಎಂಬುದೇ ದೊಡ್ಡ ಲಾಭ.

ಹೋದ ವರ್ಷ ಮತ್ತೆ ಸಿಂಗಪುರಕ್ಕೆ ಹೊರಟಾಗ ಈ ಲೆಕ್ಕದಿಂದಲೇ ತಯಾರಿ ನಡೆಸಿದೆ. ಮೊದಲು *#06# ಒತ್ತಿ ನೋಡಿದೆ; ಇಐಡಿ ಎಂಬ 32 ಅಂಕಿಗಳ ಸಾಲು ಕಂಡರೆ ಫೋನಿನಲ್ಲಿ ಇ-ಸಿಮ್ ಇದೆ ಎಂದರ್ಥ. ಕೊಳ್ಳುವಾಗ ಜಿಬಿ ಎಷ್ಟು ಎಂಬುದರ ಜೊತೆಗೆ, ದಿನಗಳ ಲೆಕ್ಕ ಶುರುವಾಗುವುದು ಇನ್‌ಸ್ಟಾಲ್ ಮಾಡಿದಾಗಲೋ ಅಲ್ಲಿಯ ನೆಟ್‌ವರ್ಕ್ ಹಿಡಿದಾಗಲೋ, ಹಾಟ್‌ಸ್ಪಾಟ್ ಬಿಡುತ್ತಾರೋ ಎಂದು ನೋಡಿಕೊಂಡೆ. ವಿದೇಶಿ ಸಿಮ್ ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅದಿಲ್ಲದ ಕೆಲವು ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಇಲ್ಲಿಯ ಆ್ಯಪ್ ಸ್ಟೋರ್‌ಗಳಿಂದ ತೆಗೆಯಲಾಗಿತ್ತು. ಹಾಗಾಗಿ ಮಾರುವವರು ಯಾರೆಂದು ವಿಚಾರಿಸಿಯೇ ಕೊಂಡೆ. ಮನೆಯ ವೈಫೈಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇಳಿಸಿಕೊಂಡೆ. ಆ ಕೋಡ್ ಸಾಮಾನ್ಯವಾಗಿ ಒಂದೇ ಸಲ ನಡೆಯುತ್ತದೆ. ಪ್ರವಾಸ ಮುಗಿಯುವ ತನಕ ಅಳಿಸಬಾರದು.

ಹೆಚ್ಚಿನವರು ಎಡವುವುದು ರೋಮಿಂಗ್ ಗುಂಡಿಯಲ್ಲಿ. ಪ್ರವಾಸಿ ಇ-ಸಿಮ್ ಹಲವು ಸಲ ಮೂರನೆಯದೊಂದು ದೇಶದ ಕಂಪನಿಯದಾಗಿರುತ್ತದೆ. ಅದೂ ಅಲ್ಲಿ ನಮ್ಮಂತೆ ಅತಿಥಿಯೇ. ಹಾಗಾಗಿ ಅದರ ಡೇಟಾ ರೋಮಿಂಗ್ ಆನ್ ಇರಬೇಕು. ಊರಿನ ಸಿಮ್ಮಿನ ಡೇಟಾ ರೋಮಿಂಗ್ ಆಫ್, ಆದರೆ ಆ ಲೈನು ಮಾತ್ರ ಆನ್. ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಮೊದಲೇ ಚಾಲೂ ಮಾಡಿಸಿ, ಎಸ್ಸೆಮ್ಮೆಸ್ ಬರಲು ರೀಚಾರ್ಜ್ ಏನು ಬೇಕೆಂದು ಕಂಪನಿಗೆ ಕೇಳಿಕೊಳ್ಳಬೇಕು. ಕರೆ ಎತ್ತಿದರೆ ದುಡ್ಡು ಬೀಳಬಹುದು. ಮಾತಿಗೆ ವಾಟ್ಸ್ಯಾಪ್ ಇದೆ, ಅದು ಹಳೆಯ ನಂಬರಿನಲ್ಲೇ ನಡೆಯುತ್ತದೆ. ಒಂದು ಡೇಟಾ ಮುಗಿದಾಗ ಫೋನು ತಾನಾಗಿ ಇನ್ನೊಂದಕ್ಕೆ ಹೊರಳುವ ಆಯ್ಕೆಯನ್ನೂ ಆಫ್ ಮಾಡಬೇಕು. ಹೊರಡುವ ಹಿಂದಿನ ದಿನ ಊರಿನ ನಂಬರನ್ನೇ ಇ-ಸಿಮ್ ಮಾಡಿಸಲು ಹೋಗಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸುತ್ತಾರೆ.

ಈ ಸಲ ಎರಡನೆಯ ದಿನ ಬೆಳಿಗ್ಗೆ ಅವ್ವ ಫೋನ್ ಮಾಡಿದಳು. ಕರೆಂಟ್ ಬಿಲ್ಲಿನ ಕೊನೆಯ ದಿನವಂತೆ. ಇಡ್ಲಿ ತಿನ್ನುತ್ತಲೇ ಕಟ್ಟಿದೆ. ಒಟಿಪಿ ಬಂತು. ನಾನು ದೇಶದ ಹೊರಗಿದ್ದೇನೆಂದು ಅವಳಿಗೆ ನೆನಪೇ ಇರಲಿಲ್ಲ.